ಬಸಳೆಯ ಬುಡದ ತಗಡು

"ಆ ಮೂಲೆಯ ಮಣ್ಣು ಮುಟ್ಟಬೇಡ ಮಾರಾಯ್ತಿ!" ಮಹಡಿಯ ಕಿಟಕಿಯಿಂದ ಕೊನ್ಸೆಪ್ಟಾ ಬಾಯಿ ಕೂಗಿದರು. "ಬಸಳೆ ನೆಡುವುದಾದ್ರೆ ಬಕೆಟಲ್ಲಿ ನೆಡು. ಬೇರೆ ಮಣ್ಣು ನಾನು ತರಿಸಿ ಕೊಡ್ತೇನೆ."

ಹರಿಣಾಕ್ಷಿ ಹಾರೆ ನಿಲ್ಲಿಸಿ ಮೇಲೆ ನೋಡಿದಳು. "ಯಾಕೆ ಬಾಯಮ್ಮ, ಇಲ್ಲಿ ನಿಧಿ ಉಂಟಾ?"

ಅವಳು ಹೆಜಮಾಡಿಯಿಂದ ಬಂದು ವಾರವಾಗಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಸಳೆ ದಂಟು ಇನ್ನೂ ಹಸಿಯಾಗಿತ್ತು. ಅರಬ್ ನಾಡಿನ ಮುಐದರ್‌ನ ಈ ವಿಲ್ಲಾದಲ್ಲಿ ಮೂರ್ನಾಲ್ಕು ಸಂಸಾರಗಳಿದ್ದವು. ಕೆಳಗಿನ ಎರಡು ಕೋಣೆ ಮತ್ತು ಹಿಂದಿನ ಅಂಗಳ ಅವಳ ಪಾಲಿಗೆ ಬಂದಿತ್ತು. ಗಂಡ ಶರಣ್ ದೂರದ ಸೈಟಿನಲ್ಲಿ ಕೆಲಸಕ್ಕಿದ್ದ. ಶುಕ್ರವಾರ ಮಾತ್ರ ಮನೆಗೆ ಬರುತ್ತಿದ್ದ. ಉಳಿದ ದಿನಗಳಲ್ಲಿ ಅವಳೂ ಪುಟ್ಟ ಮಗಳು ಮೋಕ್ಷಾಳೂ ಮಾತ್ರ. ಬಸಳೆ ಚಪ್ಪರವಿಲ್ಲದ ಮನೆಯನ್ನು ಮನೆ ಎನ್ನಲು ಹರಿಣಾಕ್ಷಿಗೆ ಮನಸ್ಸೇ ಒಪ್ಪುತ್ತಿರಲಿಲ್ಲ.

ಕೊನ್ಸೆಪ್ಟಾ ಬಾಯಿ ಇಳಿದು ಬಂದರು. ಆದರೆ ಅಂಗಳಕ್ಕೆ ಕಾಲಿಡಲಿಲ್ಲ. ಹೊಸ್ತಿಲಲ್ಲೇ ನಿಂತು, ಕೊರಳಿನ ಶಿಲುಬೆಯನ್ನು ಬೆರಳಲ್ಲಿ ಹಿಡಿದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು. ಹಿಂದೆ ಇಲ್ಲೊಬ್ಬ ಹಳೇ ಬ್ಯಾಟರಿ ಒಡೆಸುತ್ತಿದ್ದನಂತೆ. ಆಸಿಡ್ಡನ್ನು ಇದೇ ಮೂಲೆಗೆ ಸುರಿಯುತ್ತಿದ್ದರು, ಸೀಸದ ಚೂರುಗಳನ್ನು ಇಲ್ಲೇ ಹೂಳುತ್ತಿದ್ದರು. ಕೆಲಸದ ಹೆಂಗಸಿನ ಮಗು ಈ ಮಣ್ಣು ತಿಂದು, ಹೊಟ್ಟೆ ಹಿಡಿದುಕೊಂಡು ಒದ್ದಾಡಿ ಸತ್ತಿತು. ಬ್ಯಾಟರಿಯ ಯಜಮಾನ ಹೆಣದ ಮುಂದೆಯೇ ನಿಂತು, ಮಣ್ಣಲ್ಲಿ ಏನೂ ಇಲ್ಲ ಅಂದ.

"ಆ ತಾಯಿ ಅಳಲಿಲ್ಲ. ಅದೇ ಬ್ಯಾಟರಿಯ ಸೀಸದ ತಗಡಿನ ಮೇಲೆ ಮಂತ್ರ ಕೊರೆಸಿ ಇಲ್ಲಿ ಹೂತಳು. ಈ ಮಣ್ಣಲ್ಲಿ ಏನೂ ಇಲ್ಲ ಅಂತ ಯಾರ ಬಾಯಿ ಹೇಳ್ತದೋ, ಅವರ ಕೈ ಅವರ ಮಕ್ಕಳ ಮೇಲೇ ಏಳಲಿ ಅಂತ."

"ಮತ್ತೆ? ಎದ್ದಿತಾ?"

"ಯಜಮಾನ ತನ್ನ ಮಗನನ್ನು ಗೋಡೆಗೆ ಬೀಸಿ ಹೊಡೆದ. ಆ ಸದ್ದು ನಾನು ಕೇಳಿದ್ದೇನೆ, ಹರಿಣಾಕ್ಷಿ. ತೆಂಗಿನಕಾಯಿ ಒಡೆದ ಹಾಗೆ."

ಹರಿಣಾಕ್ಷಿಗೆ ಒಂದು ಕ್ಷಣ ಮೈ ಜುಮ್ಮೆಂದಿತು. ಮರುಕ್ಷಣವೇ ನಗು ಬಂತು. ವಿಮಾನ ಹತ್ತಿ ಬಂದರೂ ಮಾಟ ಬೆನ್ನು ಬಿಡುವುದಿಲ್ಲವೇ! ಅವಳು ಒಂದು ಹಿಡಿ ಮಣ್ಣೆತ್ತಿ ಬೇಕೆಂದೇ ಗಟ್ಟಿಯಾಗಿ ಹೇಳಿದಳು. "ಇಕೊಳ್ಳಿ ಬಾಯಮ್ಮ. ಈ ಮಣ್ಣಲ್ಲಿ ಏನೂ ಇಲ್ಲ!"

ಮುದುಕಿ ಶಿಲುಬೆಯನ್ನು ತುಟಿಗೊತ್ತಿ ಮೆಟ್ಟಿಲೇರಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಗುಂಡಿ ತೋಡುವಾಗ ತಗಡು ಸಿಕ್ಕಿತು. ಅಂಗೈಯಗಲ, ಬೂದುಬಣ್ಣ, ಸುರುಳಿ ಸುತ್ತಿ ಮೊಳೆ ಚುಚ್ಚಿದ್ದರು. ಬಿಡಿಸಿದರೆ ಒಳಗೆಲ್ಲ ಇರುವೆ ಸಾಲಿನಂಥ ಅಕ್ಷರಗಳು. ಹರಿಣಾಕ್ಷಿ ಅದನ್ನು ಕೈಯಲ್ಲಿ ತೂಗಿ ನೋಡಿದಳು. ಮೀನುಗಾರನ ಮಗಳು ಅವಳು. ಶಾಲೆ ಬಿಟ್ಟ ಮೇಲೆ ಅಪ್ಪನ ಬೀಸುಬಲೆಗೆ ಸೀಸದ ಗುಂಡು ಎರೆಯುತ್ತಿದ್ದವಳು. ಒಳ್ಳೇ ಸೀಸ ಕೈಗೆ ತಾಗಿದರೆ ತಿಳಿಯುತ್ತಿತ್ತು. ಶರಣ್ ಬಲೆ ತಂದಿಟ್ಟಿದ್ದ, ಗುಂಡು ಸಾಲದೆಂದು ಗೊಣಗುತ್ತಿದ್ದ. ಅವಳು ಹಳೇ ಬಾಣಲೆಯನ್ನು ಅಡುಗೆ ಒಲೆಯ ಮೇಲಿಟ್ಟು ತಗಡನ್ನು ಅದರೊಳಗೆ ಹಾಕಿದಳು.

ಅಕ್ಷರಗಳು ಒಂದೊಂದಾಗಿ ಕರಗಿದವು. ಸಿಹಿಯಾದ ಹೊಗೆ ಎದ್ದಿತು. ನಾಲಗೆಯ ಮೇಲೆ ಹಳೇ ಕೀಲಿಕೈ ನೆಕ್ಕಿದ ರುಚಿ. ಬಾಣಲೆಯಿಂದ ಯಾರೋ ಉಸಿರು ಬಿಟ್ಟಂತೆ ಸುಯ್ ಎಂದಿತು. ಕಿಟಕಿ ಮುಚ್ಚಿತ್ತು. ಬಾಗಿಲಲ್ಲಿ ನಿಂತಿದ್ದ ಮೋಕ್ಷಾ ಕೆಮ್ಮತೊಡಗಿದಳು.

ಬಸಳೆ ಹುಚ್ಚು ಹಿಡಿದಂತೆ ಬೆಳೆಯಿತು. ಅಂಗಳದ ಬಾವಿಯ ಒಗರು ನೀರು ಕುಡಿದು, ಕುಡಿಗಳು ಹೆಬ್ಬೆರಳಿನಷ್ಟು ದಪ್ಪಗಾಗಿ ಹಗ್ಗದ ಚಪ್ಪರ ಹತ್ತಿದವು. ಎಲೆ ಕರಿಹಸಿರು. ಒಣಸಿಗಡಿ ಹಾಕಿ ಗಸಿ ಮಾಡಿದರೆ ಮೋಕ್ಷಾ ಬೆರಳು ನೆಕ್ಕುತ್ತಿದ್ದಳು. ಆಮೇಲೆ ಅವಳಿಗೆ ಗಸಿ ಸಾಲದಾಯಿತು. ಮಧ್ಯಾಹ್ನ ಹರಿಣಾಕ್ಷಿಗೆ ಜೋಂಪು ಹತ್ತಿದಾಗ ಬಸಳೆಯ ಬುಡದಿಂದ ಸದ್ದು ಬರುತ್ತಿತ್ತು. ಕರುಂ, ಕರುಂ. ಮೋಕ್ಷಾ ಕುಕ್ಕುರುಗಾಲಲ್ಲಿ ಕೂತು ಮಣ್ಣು ಅಗಿಯುತ್ತಿದ್ದಳು.

"ಉಗುಳೇ! ಉಗುಳು ಅಂದೆ!"

"ಕೆಳಗೆ ಪಾಪು ಉಂಟಮ್ಮ," ಅಂದಿತು ಮಗು. "ಅದಕ್ಕೂ ಹಸಿವು."

ಕೈ ಎದ್ದದ್ದು ಆಗಲೇ. ಹರಿಣಾಕ್ಷಿ ಎತ್ತಲಿಲ್ಲ. ಬಲಗೈಯ ಬೆರಳುಗಳು ಒಂದೊಂದಾಗಿ, ಕಿರುಬೆರಳಿನಿಂದ ಮೊದಲಾಗಿ, ಯಾರೋ ಎಳೆದಂತೆ ನೆಟ್ಟಗಾದವು. ಕೈ ತಾನಾಗಿ ಹಿಂದೆ ಸರಿಯಿತು. ಬೀಸಿತು. ಮೋಕ್ಷಾ ಮೂರು ಉರುಳು ಉರುಳಿ ಗೋಡೆಗೆ ಬಡಿದಳು. ತುಟಿಯಿಂದ ಇಳಿದ ರಕ್ತ ಮಣ್ಣಿಗೆ ಬಿದ್ದು, ಬಿದ್ದಲ್ಲೇ ಇಂಗಿತು.

ಅವಳು ಮಗುವನ್ನು ಅವಚಿಕೊಂಡು ಅತ್ತಳು. ಎಡಗೈಯಿಂದ ಮಾತ್ರ ಅವಚಿಕೊಂಡಳು. ಬಲಗೈಯನ್ನು ನಂಬುವ ಧೈರ್ಯವಾಗಲಿಲ್ಲ.

ಮರುದಿನ ಆ ಕೈ ಮಗುವಿನ ಜುಟ್ಟು ಹಿಡಿಯಿತು. ಹಿಡಿಗೂದಲು ಬುಡಸಹಿತ ಕಿತ್ತು ಬಂತು. ಇನ್ನೊಂದು ದಿನ ಕುದಿಯುವ ಗಂಜಿಯ ತಪ್ಪಲೆಯನ್ನು ಹಿಡಿದೆತ್ತಿತು. ಹರಿಣಾಕ್ಷಿ ಮೊಣಕಾಲಿಂದ ತಪ್ಪಲೆಯನ್ನು ಗುದ್ದಿ, ಗಂಜಿಯನ್ನು ತನ್ನ ತೊಡೆಗೆ ಸುರಿದುಕೊಂಡಳು. ಕನ್ನಡಿಯಲ್ಲಿ ನೋಡಿಕೊಂಡರೆ ವಸಡಿನ ಅಂಚಿಗೆ ನೀಲಿಗಪ್ಪು ಗೆರೆ. ಮೋಕ್ಷಾಳ ಮುಖ ಬೂದಿಯಂತೆ ಬಿಳಿಚಿತ್ತು. ಆಡುವ ಮಾತು ಕಡಿಮೆಯಾಗಿತ್ತು. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮುದುಡುತ್ತಿದ್ದಳು.

ಶರಣ್‌ಗೆ ಫೋನು ಮಾಡಿದಳು. "ಈಗಲೇ ಬನ್ನಿ. ನಾನು ಮಗುವನ್ನು ಕೊಲ್ತೇನೆ."

"ಎಂತ ಹೇಳ್ತಿ ನೀನು? ಇಲ್ಲಿ ಧೂಳುಗಾಳಿ, ರೋಡೇ ಕಾಣುದಿಲ್ಲ. ಬೆಳಿಗ್ಗೆ..."

ಲೈನು ಕಡಿಯಿತು.

ನಡುಮಧ್ಯಾಹ್ನವೇ ಕತ್ತಲಾಯಿತು. ಆಕಾಶ ಕೆಂಪಗಾಗಿ, ಕಂದಾಗಿ, ಕಪ್ಪಾಯಿತು. ಕಿಟಕಿಯ ಸಂದಿಗಳಿಂದ ಧೂಳು ಹಾವಿನಂತೆ ಒಳಹರಿಯಿತು. ಎಲ್ಲೆಲ್ಲೂ ಅದೇ ಸಿಹಿ ಹೊಗೆಯ ವಾಸನೆ. ನೆಲದಡಿಯಿಂದ ಸುತ್ತಿಗೆಯ ಸದ್ದು. ಠಣ್. ಠಣ್. ಬ್ಯಾಟರಿ ಒಡೆಯುವ ಸದ್ದು.

"ಅಮ್ಮಾ," ಅಂದಳು ಮೋಕ್ಷಾ. "ಪಾಪು ನನ್ನನ್ನು ಕರೀತದೆ."

ಕಿರುಬೆರಳು ನೆಟ್ಟಗಾಯಿತು. ಉಂಗುರದ ಬೆರಳು. ನಡುಬೆರಳು.

"ಓಡು ಮಗಾ! ಮೇಲೆ ಬಾಯಮ್ಮನ ಹತ್ತಿರ ಓಡು!"

ಮಗು ಓಡಿತು. ತಪ್ಪು ದಿಕ್ಕಿಗೆ, ಅಂಗಳಕ್ಕೆ ಓಡಿತು. ಕೈ ಹರಿಣಾಕ್ಷಿಯನ್ನು ಎಳೆದುಕೊಂಡು ಹಿಂದೆಯೇ ಹೋಯಿತು. ಬಸಳೆಯ ಬುಡದಲ್ಲಿ ಮಗುವಿನ ಕತ್ತು ಸಿಕ್ಕಿತು. ಎಳೆಯ, ಬಿಸಿಯಾದ ಕತ್ತು. ಬೆರಳು ಬಿಗಿದವು. ಅವಳು ಎಡಗೈಯಿಂದ ಬಿಡಿಸಲು ನೋಡಿದಳು. ಬಿಡಲಿಲ್ಲ. ತನ್ನ ಮಣಿಕಟ್ಟನ್ನು ತಾನೇ ಕಚ್ಚಿದಳು. ಬಾಯಿ ತುಂಬ ರಕ್ತ. ಬಿಡಲಿಲ್ಲ. ಮೋಕ್ಷಾಳ ಕಣ್ಣು ಮೇಲೆ ತಿರುಗಿತು.

ಅಂಗಳದ ಕಬ್ಬಿಣದ ಗೇಟು ಗಾಳಿಗೆ ತೆರೆದು ಬಡಿಯುತ್ತಿತ್ತು. ಧಡ್. ಧಡ್.

ಕೈಯನ್ನೂ ಕೈಯಲ್ಲಿದ್ದ ಮಗುವನ್ನೂ ಎಳೆದುಕೊಂಡು ಅವಳು ಅಲ್ಲಿಗೆ ತೆವಳಿದಳು. ಮುಂಗೈಯನ್ನು ಕಂಬಕ್ಕೂ ಗೇಟಿಗೂ ನಡುವೆ ಇಟ್ಟಳು. ಗಾಳಿ ಗೇಟನ್ನು ಹಿಂದಕ್ಕೊಯ್ದಿತು. ಅವಳು ಕಣ್ಣು ಮುಚ್ಚಲಿಲ್ಲ.

ಧಡ್.

ಮೂಳೆ ಮುರಿಯಿತು. ಬೆರಳು ಬಿಡಲಿಲ್ಲ.

ಕಾಲಿನಿಂದ ತಾನೇ ಗೇಟು ಒದ್ದಳು. ಒಮ್ಮೆ. ಮತ್ತೊಮ್ಮೆ. ಚರ್ಮ ಹರಿಯಿತು, ನರ ಹರಿಯಿತು. ಬೆರಳುಗಳು ಬಾಡಿದ ದಂಟಿನಂತೆ ಜೋತುಬಿದ್ದವು. ಮೋಕ್ಷಾ ಉಸಿರೆಳೆದಳು. ಕಿರುಚಿದಳು.

ಆ ಕಿರುಚಾಟ ಕೇಳಿ ಕೊನ್ಸೆಪ್ಟಾ ಬಾಯಿ ಮೊದಲ ಸಲ ಅಂಗಳಕ್ಕೆ ಕಾಲಿಟ್ಟರು.

ಆಸ್ಪತ್ರೆಯಲ್ಲಿ ಇಬ್ಬರ ರಕ್ತದಲ್ಲೂ ಸೀಸವಿದೆಯೆಂದರು. ಮಣ್ಣಿನಿಂದ, ನೀರಿನಿಂದ, ಸೊಪ್ಪಿನಿಂದ, ಹೊಗೆಯಿಂದ ಬಂದದ್ದು. ಅದು ಮಿದುಳಿಗೂ ಏರುತ್ತದೆ, ಸಿಟ್ಟು ತರಿಸುತ್ತದೆ. ಹರಿಣಾಕ್ಷಿ ತಲೆಯಾಡಿಸಿದಳು. ಕೈಗೇನಾಯಿತೆಂದು ಕೇಳಿದರು. ಗಾಳಿಗೆ ಗೇಟು ಬಡಿಯಿತು ಅಂದಳು. ಆ ಕೈ ಇನ್ನು ಏಳುವುದಿಲ್ಲವೆಂದಾಗ ಅವಳು ದೇವರಿಗೆ ಎಡಗೈಯಲ್ಲೇ ಮುಗಿದಳು. ಶರಣ್ ಗುಂಡುಗಳ ಸಹಿತ ಬಲೆಯನ್ನು ಯಾರೂ ಮುಟ್ಟದಂತೆ ಡಬ್ಬಿಯಲ್ಲಿ ಮುಚ್ಚಿ ಅಪಾಯದ ಕಸ ಒಯ್ಯುವವರಿಗೆ ಕೊಟ್ಟುಬಿಟ್ಟ. ಅಲ್ ಗರಾಫಾದ ಫ್ಲ್ಯಾಟಿಗೆ ಮನೆ ಬದಲಾಯಿಸಿದರು. ಮೋಕ್ಷಾ ಮೆಲ್ಲಗೆ ಮಾತಿಗೆ ಮರಳಿದಳು. ಅಮ್ಮನ ಬಲಬದಿಯಲ್ಲಿ ಮಾತ್ರ ಮಲಗುತ್ತಿರಲಿಲ್ಲ.

ಚಳಿ ಶುರುವಾದಾಗ ಕೊನ್ಸೆಪ್ಟಾ ಬಾಯಿ ಫೋನು ಮಾಡಿದರು. "ವಿಲ್ಲಾ ನೋಡಿಕೊಳ್ಳುವ ಆ ಪೊಡಿಯಬ್ಬ ನಿಮ್ಮ ಕೋಣೆ ಮತ್ತೆ ಬಾಡಿಗೆಗೆ ಕೊಟ್ಟಿದ್ದಾನೆ. ಬಂದವಳಿಗೆ ಎಳೇ ಮಗು ಉಂಟು ಮಾರಾಯ್ತಿ. ನನ್ನ ಮಾತು ಕೇಳ್ತಾ ಇಲ್ಲ ಅವಳು."

ಹರಿಣಾಕ್ಷಿ ಟ್ಯಾಕ್ಸಿ ಹಿಡಿದು ಹೋದಳು. ಬಸಳೆ ಗೋಡೆ ದಾಟಿ ಬೆಳೆದಿತ್ತು. ಚಪ್ಪರದಡಿ ಒಬ್ಬ ಹುಡುಗಿ, ಗ್ರೀಷ್ಮಾ, ಮಗುವನ್ನು ಸೊಂಟಕ್ಕೇರಿಸಿಕೊಂಡು ಎಲೆ ಕೊಯ್ಯುತ್ತಿದ್ದಳು.

"ಕೊಯ್ಯಬೇಡ ತಂಗಿ. ಇಲ್ಲಿ ಸೀಸ ಉಂಟು. ಇನ್ನೂ ಒಂದು ಉಂಟು."

ಗ್ರೀಷ್ಮಾ ಜೋತುಬಿದ್ದ ಕೈಯನ್ನು ನೋಡಿ, ಪಾಪ ಎನ್ನುವಂತೆ ನಕ್ಕಳು. "ನೀವು ಬಂದು ಹೆದರಿಸ್ತೀರಿ ಅಂತ ಪೊಡಿಯಬ್ಬ ಬ್ಯಾರಿಗಳು ಮೊದಲೇ ಹೇಳಿದ್ರು. ಅದೆಲ್ಲ ಖಲಾಸ್ ಅಂತೆ."

"ಬೇಡ. ಮುಂದೆ ಮಾತಾಡಬೇಡ."

"ಎಲೆ ನೋಡಿ ಅಕ್ಕ, ಹೇಗೆ ಹೊಳೀತದೆ! ಈ ಮಣ್ಣಲ್ಲಿ ಏನೂ ಇಲ್ಲ."

ಗಾಳಿ ನಿಂತಿತು. ಮಗುವಿನ ಬೆನ್ನ ಮೇಲಿದ್ದ ಗ್ರೀಷ್ಮಾಳ ಬಲಗೈಯಲ್ಲಿ ಕಿರುಬೆರಳು ನೆಟ್ಟಗಾಯಿತು. ಆಮೇಲೆ ಉಂಗುರದ ಬೆರಳು. ಅವಳು ಇನ್ನೂ ನಗುತ್ತಲೇ ಇದ್ದಳು, ಕಣ್ಣು ಮಾತ್ರ ಆ ಬೆರಳನ್ನೇ ನೋಡತೊಡಗಿದವು.

ಹರಿಣಾಕ್ಷಿ ಎಡಗೈ ಚಾಚಿ ಮುಂದೆ ಬಂದಳು. ಕಾಲಿನಿಂದ ಗೇಟನ್ನು ಅಗಲಕ್ಕೆ ತೆರೆದಳು.

"ಮಗುವನ್ನು ನನಗೆ ಕೊಡು ತಂಗಿ," ಎಂದಳು. "ಕೈಯನ್ನು ಗೇಟಿಗೆ ಕೊಡು."