ಹಿತ್ತಿಲ ಗೋಡೆಯ ತಂತಿ

ಡಿಸೆಂಬರ್ ಹದಿನಾರು, ಮಂಗಳವಾರ. ಬೆಳಿಗ್ಗೆ ಎಂಟೂಕಾಲಿಗೆ ತ್ಯಾಗರಾಜನಗರದ ಒಂದು ನರ್ಸಿಂಗ್ ಹೋಮಿನಿಂದ ಠಾಣೆಗೆ ಮೆಮೊ ಬಂತು. ಮಧುಸೂದನ್, ಅರವತ್ತೊಂಬತ್ತು ವರ್ಷ, ನಿವೃತ್ತ ಶಿಕ್ಷಕರು. ಕರೆತರುವಾಗಲೇ ಪ್ರಾಣ ಹೋಗಿತ್ತು. ಬಲ ಅಂಗೈಯಲ್ಲಿ ಸುಟ್ಟ ಗುರುತಿದೆ, ಮುಂದಿನ ಕ್ರಮಕ್ಕಾಗಿ, ಎಂದು ಡಾಕ್ಟರು ಬರೆದಿದ್ದರು. ಮೆಮೊದ ಹಿಂದೆಯೇ ಆಟೊದಲ್ಲಿ ಇಬ್ಬರು ಬಂದಿಳಿದರು. ಒಬ್ಬರು ತೀರಿಕೊಂಡವರ ಹೆಂಡತಿ ಕಮಲಾಬಾಯಿ. ಇನ್ನೊಬ್ಬ ಐವತ್ತು ದಾಟಿದ ಗಂಡಸು. ಅವರ ಮೊಣಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದ.

ಇನ್‌ಸ್ಪೆಕ್ಟರ್ ವಿಶಾಖಾ ತನ್ನ ಕುರ್ಚಿ ಬಿಟ್ಟು ಎದ್ದು ಬಂದು ಹೊರಗಿನ ಬೆಂಚಿನಲ್ಲೇ ಅವರ ಪಕ್ಕ ಕೂತಳು. ಸಾವಿನ ಮನೆಯವರನ್ನು ಮೇಜಿನಾಚೆ ನಿಲ್ಲಿಸಿ ಮಾತಾಡಿಸುವುದು ಅವಳಿಗೆ ಆಗಿಬರುತ್ತಿರಲಿಲ್ಲ.

"ಏನಾಯ್ತಮ್ಮಾ?"

"ಸ್ನಾನ ಮಾಡಿ, ಮಡಿ ಉಟ್ಕೊಂಡು, ಹೂವು ತರ್ತೀನಿ ಅಂತ ಹೋದ್ರು. ಎದೆ ತೊಂದರೆ ಇತ್ತು, ಸ್ಟೆಂಟ್ ಹಾಕಿತ್ತು. ಅದೇ ಇರ್ಬೇಕು. ಡಾಕ್ಟ್ರು ಯಾಕೆ ಇಲ್ಲಿಗೆ ಕಳಿಸಿದ್ರೋ..."

"ಮೊದಲು ನೋಡಿದ್ದು ಯಾರು?"

"ನಾನೇ ಮೇಡಂ," ಎಂದ ಗಂಡಸು. "ನಾಗಭೂಷಣ್ ಅಂತ. ಪಕ್ಕದ ಮನೆ. ನಮ್ಮ ಹಿತ್ತಿಲ ಗೋಡೆ ಆಚೆ, ಕನ್ಸರ್ವೆನ್ಸೀಲಿ ಬಿದ್ದಿದ್ರು. ಐದೂವರೆಗೆ ನೋಡ್ದೆ."

ಅವನ ಕಣ್ಣು ಕೆಂಪಗೆ ಊದಿಕೊಂಡಿತ್ತು. ಪಕ್ಕದ ಮನೆಯವರಿಗಾಗಿ ಇಷ್ಟು ಅಳುವವರು ಈ ಊರಿನಲ್ಲಿ ಇನ್ನೂ ಇದ್ದಾರಲ್ಲ ಎಂದುಕೊಂಡಳು ವಿಶಾಖಾ.

ಅಸ್ವಾಭಾವಿಕ ಮರಣವೆಂದು ಯು.ಡಿ.ಆರ್. ದಾಖಲಾಯಿತು. ಶವದ ಪಂಚನಾಮೆಯ ಹೊತ್ತಿಗೆ ಮೇಷ್ಟ್ರ ಎಡ ಅಂಗಾಲಿನಲ್ಲೂ ಒಂದು ಸಣ್ಣ ಕಪ್ಪು ಗುರುತು ಸಿಕ್ಕಿತು. ಕೈಯಲ್ಲಿ ಹೊಕ್ಕು ಕಾಲಲ್ಲಿ ಹೊರಟಿದೆ. ಎದೆ ತೊಂದರೆಯಲ್ಲ, ಕರೆಂಟು. ಮಡಿಯಲ್ಲಿದ್ದವರು ಚಪ್ಪಲಿ ಮೆಟ್ಟಿರಲಿಲ್ಲ, ಪಂಚೆ ಇನ್ನೂ ಒದ್ದೆಯಾಗಿತ್ತು.

ಹತ್ತೂವರೆಗೆ ವಿಶಾಖಾ, ಹೆಡ್ ಕಾನ್‌ಸ್ಟೆಬಲ್ ಮನೋಹರ್ ಮತ್ತು ಇಬ್ಬರು ಪಂಚರು ಸ್ಥಳಕ್ಕೆ ಹೋದರು. ಮನೆಗಳ ಹಿಂಬದಿಯಲ್ಲಿ ಹಾದುಹೋಗುವ ಹಳೆಯ ಕಾಲದ ಕಿರುಗಲ್ಲಿಗೆ ಅಲ್ಲಿಯವರು ಇವತ್ತಿಗೂ ಕನ್ಸರ್ವೆನ್ಸಿ ಎನ್ನುತ್ತಾರೆ. ನಾಗಭೂಷಣನ ಹಿತ್ತಿಲ ಗೋಡೆ ಅಲ್ಲಿ ಸೊಂಟದೆತ್ತರಕ್ಕಿತ್ತು. ಅದರ ಮೇಲಿಂದ ಕೆಂಪು ದಾಸವಾಳ, ಕಣಗಿಲೆ ಗಲ್ಲಿಗೆ ಬಾಗಿದ್ದವು. ಗೋಡೆಯ ಬುಡದಲ್ಲಿ ಒಂದು ಹೂಬುಟ್ಟಿ ಮಗುಚಿ ಬಿದ್ದಿತ್ತು. ಪಕ್ಕದಲ್ಲೇ ಮೇಷ್ಟ್ರು ಹೂವು ಕೀಳುತ್ತಿದ್ದ ದೋಟಿ. ಎಲ್ಲರೂ ಬಿದಿರಿನಲ್ಲಿ ಮಾಡಿಕೊಂಡರೆ ಅವರು ಹಳೆಯ ಕಬ್ಬಿಣದ ಕರ್ಟನ್ ರಾಡಿನ ತುದಿಗೆ ಕೊಕ್ಕೆ ಬೆಸುಗೆ ಹಾಕಿಸಿಕೊಂಡಿದ್ದರು. ಕೊಕ್ಕೆಯ ಬಾಗಿನಲ್ಲಿ ಸುಟ್ಟ ಚುಕ್ಕೆ ಕಾಣಿಸಿತು.

ವಿದ್ಯುತ್ ಇಲಾಖೆಯ ಲೈನ್‌ಮನ್ ಬಂದು ನೋಡಿದ. ಕಂಬ ದೂರದಲ್ಲಿತ್ತು, ತುಂಡಾದ ತಂತಿ ಎಲ್ಲೂ ಇರಲಿಲ್ಲ. "ನಮ್ಮ ಕಡೆಯಿಂದ ಏನೂ ಇಲ್ಲ ಮೇಡಂ," ಎಂದ.

ಎದುರು ಹಿತ್ತಿಲಿನ ಪರಮಶಿವಯ್ಯ ಬಾಗಿಲಿಗೆ ಒರಗಿಕೊಂಡು ಎಲ್ಲವನ್ನೂ ನೋಡುತ್ತಿದ್ದರು. ಕೇಳುವುದನ್ನೇ ಕಾಯುತ್ತಿದ್ದಂತೆ ಬಾಯಿ ಬಿಟ್ಟರು.

"ಹೂವಿನ ವಿಷಯಕ್ಕೆ ಬೀದೀಲೆಲ್ಲ ಅವರ ಹತ್ರ ಜಗಳ ಆಡಿದೀವಿ ಮೇಡಂ. ನಾನೂ ಬೈದಿದೀನಿ, ಸುಳ್ಳು ಯಾಕೆ ಹೇಳ್ಲಿ. ಗಿಡದಲ್ಲಿ ಒಂದು ಮೊಗ್ಗೂ ಬಿಡ್ತಿರ್ಲಿಲ್ಲ ಪುಣ್ಯಾತ್ಮ."

ಬಸವನಗುಡಿಯ ಸುತ್ತಮುತ್ತ ಇದು ಇದ್ದದ್ದೇ. ಗಿಡಕ್ಕೆ ನೀರು ಹಾಕುವವರು ಒಬ್ಬರು, ಹೂವು ಕೀಳುವವರು ಇನ್ನೊಬ್ಬರು. ಪುಣ್ಯ ಯಾರ ಪಾಲಿಗೆ ಹೋಗುತ್ತದೆ ಎಂದು ದೇವರೇ ಬಗೆಹರಿಸಬೇಕು.

"ನಾಗಭೂಷಣ್ ಜೊತೆಗೂ ಜಗಳ ಇತ್ತಾ?"

"ಛೆ ಛೆ. ಅವನೊಬ್ಬನೇ ಏನೂ ಅಂತಿರ್ಲಿಲ್ಲ. 'ಯಾವಾಗ ಬೇಕಾದ್ರೂ ಕಿತ್ಕೊಳಿ ಮೇಷ್ಟ್ರೇ' ಅಂದಿದ್ದ. ಇಪ್ಪತ್ತು ವರ್ಷದಿಂದ ಗಳಸ್ಯ ಕಂಠಸ್ಯ ಇಬ್ರೂ."

"ಎಷ್ಟೊತ್ತಿಗೆ ಬರ್ತಿದ್ರು ಹೂವಿಗೆ?"

"ಆರು ಗಂಟೆಗೆ. ಗಡಿಯಾರ ತಿದ್ಕೋಬಹುದಿತ್ತು."

ವಿಶಾಖಾ ಮನೋಹರನ ಮುಖ ನೋಡಿದಳು. ಆರಕ್ಕೆ ಬರುವ ಮನುಷ್ಯ ಐದೂವರೆಗೇ ಸತ್ತು ಬಿದ್ದಿದ್ದು ಹೇಗೆ?

ಅಷ್ಟರಲ್ಲಿ ಮನೋಹರ್ ಗೋಡೆಯ ಮೇಲೆ ಕೈಯಾಡಿಸುತ್ತ ನಿಂತುಬಿಟ್ಟ. ಗೋಡೆಯುದ್ದಕ್ಕೂ ಮಾರಿಗೊಂದರಂತೆ ಕಬ್ಬಿಣದ ಗೂಟ ಹೊಡೆದಿತ್ತು. ಪ್ರತಿ ಗೂಟಕ್ಕೂ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿದಿತ್ತು. ಟ್ಯೂಬಿನ ಮೇಲೆ ತಂತಿ ಒತ್ತಿದ ಗೀರು ಹೊಸದಾಗಿತ್ತು. ತಂತಿ ಮಾತ್ರ ಇರಲಿಲ್ಲ.

ಹಿತ್ತಿಲೊಳಗೆ ಹಳೆಯ ಸೌದೆ ಕೊಟ್ಟಿಗೆಯನ್ನೇ ಆಡಿನ ಮನೆ ಮಾಡಿದ್ದರು. ನೆಲ ತೇವವಾಗದಂತೆ ಹಲಗೆಯ ಅಟ್ಟಣೆ, ಗೋಡೆಗೆ ಗೋಣಿ, ಮೂಲೆಯಲ್ಲಿ ಹಲಸಿನ ಸೊಪ್ಪಿನ ಕಟ್ಟು. ಒಂದು ತಾಯಿ ಆಡು, ಒಂದು ಬಿಳಿ ಮರಿ. ಬಾಗಿಲ ಬಳಿ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತು ಮರಿಗೆ ಎಲೆ ತಿನ್ನಿಸುತ್ತಿದ್ದರು. ಬಲಗೈ ತೊಡೆಯ ಮೇಲೆ ಅಲ್ಲಾಡದೆ ಬಿದ್ದಿತ್ತು. ಪೊಲೀಸರನ್ನು ಕಂಡು ಅವರು ಏನೂ ಕೇಳಲಿಲ್ಲ.

"ನನ್ನ ಹೆಂಡ್ತಿ, ಶೈಲಜಾ," ಎಂದ ನಾಗಭೂಷಣ್. "ಮಾತಾಡಲ್ಲ ಮೇಡಂ. ಸ್ಟ್ರೋಕ್ ಆಗಿತ್ತು."

ಮನೋಹರ್ ಸೊಪ್ಪಿನ ಕಟ್ಟು ಎತ್ತಿದ. ಕೆಳಗೆ ಬೈಂಡಿಂಗ್ ವೈರಿನ ಸುರುಳಿ ಇತ್ತು. ಅದರ ಒಂದು ತುದಿಗೆ ಪ್ಲಗ್ಗು ಜೋಡಿಸಿದ ಕರಿ ಕೇಬಲ್ಲು ಸುತ್ತಿತ್ತು.

ನಾಗಭೂಷಣ್ ಹೆಂಡತಿಯ ಕಡೆ ಒಮ್ಮೆ ನೋಡಿ, "ಇಲ್ಲಿ ಬೇಡ ಮೇಡಂ, ಹೊರಗೆ ಹೋಗೋಣ," ಎಂದ.

ಪಂಚರ ಸಮಕ್ಷಮ ತಂತಿ, ಕೇಬಲ್ಲು, ದೋಟಿ ಜಪ್ತಿಯಾದವು. ಹನ್ನೆರಡೂವರೆಗೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು.

"ತಂತಿ ಹಾಕಿದ್ದು ನೀವೇನಾ?"

"ಹೌದು."

"ಯಾಕೆ?"

"ನಾಯಿ ಮೇಡಂ. ಗಲ್ಲಿ ನಾಯಿಗಳು. ಹತ್ತು ದಿನದ ಹಿಂದೆ ಗೋಡೆ ಹಾರಿ ಬಂದು ಎರಡು ಮರಿ ಕಚ್ಚಿ ಹಾಕಿದ್ವು."

"ಎರಡು ಮರಿಗೋಸ್ಕರ ಗೋಡೆಗೆ ಕರೆಂಟ್ ಕೊಡ್ತಾರೇನ್ರೀ?"

ಅವನು ತಲೆ ತಗ್ಗಿಸಿದ. ಆಮೇಲೆ ನಿಧಾನವಾಗಿ ಹೇಳಿದ. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಯಿತ್ತು; ಹೆಂಡತಿ ಬಿದ್ದ ಮೇಲೆ ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲೇ ಉಳಿದ. ಶೈಲಜಾ ಹತ್ತಿರ ಹತ್ತಿರ ಒಂದು ವರ್ಷ ಒಂದಕ್ಷರ ಆಡಲಿಲ್ಲ. ಮಾತು ಕಲಿಸಲು ಬರುತ್ತಿದ್ದವರು ಕಾರ್ಡು ತೋರಿಸಿ ತೋರಿಸಿ ಸೋತರು. ಆಡಿನ ಹಾಲು ಒಳ್ಳೆಯದೆಂದು ಯಾರೋ ಅಂದರು, ಅವನು ಆಡು ತಂದ. ಅದು ಮೂರು ಮರಿ ಹಾಕಿತು. ಮಾರನೆಯ ದಿನ ಇವನು ಅಡುಗೆಮನೆಯಲ್ಲಿದ್ದಾಗ ಹಿತ್ತಿಲಿನಿಂದ ಹೆಂಡತಿಯ ದನಿ ಕೇಳಿಸಿತು. ಮರಿಗಳನ್ನು "ಬಾ, ಬಾ" ಎಂದು ಕರೆಯುತ್ತಿದ್ದಳು.

"ಒಲೆ ಆರಿಸೋದು ಮರೆತು ಓಡಿ ಬಂದೆ ಮೇಡಂ. ಆಮೇಲೆ ದಿನಾ ಒಂದೊಂದು ಮಾತು. ಸೊಪ್ಪು ಅಂದ್ಲು. ಬಿಳಿ ಅಂದ್ಲು. ನನ್ನ ಹೆಸರು ಹೇಳಿದ್ಲು. ಆ ನಾಯಿಗಳು ಮರಿ ಸೀಳಿದ್ದನ್ನ ಅವಳೇ ನೋಡಿದ್ದು. ಅವತ್ತಿನಿಂದ ಮತ್ತೆ ಬಾಯಿ ಕಟ್ಟಿಹೋಯ್ತು. ಉಳಿದಿರೋದು ಒಂದೇ ಮರಿ. ಅದೂ ಹೋದ್ರೆ..."

ವಿಶಾಖಾ ನೀರು ತರಿಸಿ ಅವನ ಮುಂದಿಟ್ಟಳು. ಪ್ರಶ್ನೆ ಮಾತ್ರ ಬಿಡಲಿಲ್ಲ.

"ಮೇಷ್ಟ್ರು ಆ ಗೋಡೆ ಹತ್ರ ಬರ್ತಾರೆ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು. ಅದಕ್ಕೇ ಐದೂವರೆಗೆ ಎದ್ದು ಆಫ್ ಮಾಡಿ ತಂತಿ ಸುತ್ತಿಡ್ತಿದ್ದೆ. ಅವರು ಬರೋದು ಆರಕ್ಕೆ. ಒಂದಿನವೂ ತಪ್ಪಿಲ್ಲ ಮೇಡಂ, ನಾನೂ ತಪ್ಪಿಲ್ಲ, ಅವರೂ ತಪ್ಪಿಲ್ಲ. ಇವತ್ತು ಯಾಕೆ ಮುಂಚೆ ಬಂದ್ರೋ ನಂಗೆ ಗೊತ್ತಾಗ್ತಿಲ್ಲ."

"ತಂತಿ ಹಾಕಿದೀನಿ ಅಂತ ಒಂದು ಮಾತು ಹೇಳ್ಬೇಕಿತ್ತು."

"ಹೇಗೆ ಹೇಳ್ಲಿ? ಆ ನಾಯಿಗಳಿಗೆ ದಿನಾ ಸಂಜೆ ಮೊಸರನ್ನ ಹಾಕ್ತಿದ್ದೋರೇ ಅವರು. ಅವರಿಂದಾನೇ ಮರಿ ಹೋಯ್ತು ಅಂದಂಗೆ ಆಗ್ತಿತ್ತು. ದಾಕ್ಷಿಣ್ಯ ಮೇಡಂ."

"ಮೊದಲು ತಂತಿ ಬಚ್ಚಿಟ್ರಾ, ಮೊದಲು ಅವರನ್ನ ಎತ್ತಿದ್ರಾ?"

"ಮೊದಲು ತಂತಿ," ಎಂದ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು. "ಮೈ ತಣ್ಣಗಾಗಿತ್ತು. ನಾನು ಜೈಲಿಗೆ ಹೋದ್ರೆ ಇವಳಿಗೆ ಯಾರು ಅಂತ ಅನ್ನಿಸ್ತು. ಅಷ್ಟೇ ಅನ್ನಿಸಿದ್ದು."

ಸುಳ್ಳು ಹೇಳುವವನ ಮುಖ ವಿಶಾಖಾ ಬೇಕಾದಷ್ಟು ಕಂಡಿದ್ದಳು. ಇದು ಆ ಮುಖವಲ್ಲ. ಆದರೂ ಹೊತ್ತಿನ ಲೆಕ್ಕ ಕೂಡಿಬರಬೇಕಿತ್ತು. ಬೇಕೆಂದೇ ಮಾಡಿದ ಕೊಲೆಯೋ ಅಲ್ಲವೋ ಎಂಬುದು ಅದರ ಮೇಲೆಯೇ ನಿಂತಿತ್ತು.

ಮಧ್ಯಾಹ್ನ ಎರಡರ ಸುಮಾರಿಗೆ ಅವಳು ಮೇಷ್ಟ್ರ ಮನೆಗೆ ಹೋದಳು. ಮರಣೋತ್ತರ ಪರೀಕ್ಷೆ ಮುಗಿದು ಶವ ಬರುವುದನ್ನು ಕಾಯುತ್ತ ನೆಂಟರು ಜಗಲಿಯಲ್ಲಿ ಕೂತಿದ್ದರು.

"ಅಮ್ಮಾ, ದಿನಾ ಆರಕ್ಕೆ ಹೋಗ್ತಿದ್ರಂತೆ. ಇವತ್ತು ಎಷ್ಟೊತ್ತಿಗೆ ಹೋದ್ರು?"

"ನಾಲ್ಕೂವರೆಗೆ." ಇದೇನು ಪ್ರಶ್ನೆ ಎಂಬಂತೆ ಕಮಲಾಬಾಯಿ ಅವಳ ಮುಖ ನೋಡಿದರು. "ಧನುರ್ಮಾಸ ಅಲ್ವೇನಮ್ಮ? ಇವತ್ತು ಮೊದಲನೇ ದಿನ. ಈ ತಿಂಗಳೆಲ್ಲ ಬೆಳಕು ಹರಿಯೋಕೆ ಮುಂಚೆ ಪೂಜೆ, ನೈವೇದ್ಯ ಮುಗೀಬೇಕು. ಹುಗ್ಗಿ ಮಾಡಿಟ್ಟಿದ್ದೆ. ಹೂವು ಬರ್ಲೇ ಇಲ್ಲ."

ಹುಗ್ಗಿಯ ಪಾತ್ರೆ ದೇವರ ಕೋಣೆಯ ಹೊಸ್ತಿಲಲ್ಲಿ ಮುಚ್ಚಿಟ್ಟಂತೆಯೇ ಇತ್ತು. ವಿಶಾಖಾ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರದೆ ಹೊರಬಂದಳು. ಅವಳದು ಬುದ್ಧ ಪೂರ್ಣಿಮೆ ಮಾಡುವ ಮನೆ. ಇದೇ ಊರಿನಲ್ಲಿ ಹುಟ್ಟಿ ಬೆಳೆದರೂ ಧನುರ್ಮಾಸ ಯಾವ ದಿನ ಹಿಡಿಯುತ್ತದೆ ಎಂದು ಅವಳಿಗೂ ತಿಳಿದಿರಲಿಲ್ಲ.

ಠಾಣೆಗೆ ಬಂದು ನಾಗಭೂಷಣನಿಗೆ ವಿಷಯ ಹೇಳಿದಳು. ಅವನು ಅರ್ಥವಾಗದವನಂತೆ ನೋಡಿದ.

"ನಮ್ಮನೇಲಿ ಧನುರ್ಮಾಸ ಇಲ್ಲ ಮೇಡಂ. ನಮ್ಮದು ಕಾರ್ತೀಕ ಸೋಮವಾರ, ಶಿವರಾತ್ರಿ," ಎಂದ. "ಆದ್ರೆ ಪ್ರತಿ ವರ್ಷ ಕಮಲಾಬಾಯೋರು ಗೋಡೆ ಮೇಲಿಂದ ಹುಗ್ಗಿ ಕೊಡೋರು. ಬಿಸಿ ಬಿಸಿ, ಮೆಣಸು ಹಾಕಿ. ಇಪ್ಪತ್ತು ವರ್ಷ ತಿಂದಿದೀನಿ. ಯಾವತ್ತು ಶುರು ಅಂತ ಒಂದ್ಸಲಾನೂ ಕೇಳ್ಲಿಲ್ಲ."

ಸಂಜೆ ನಾಲ್ಕಕ್ಕೆ ಎಫ್‌ಐಆರ್ ಆಯಿತು: ಕೊಲೆಯಲ್ಲದ ಮಾನವಹತ್ಯೆ ಮತ್ತು ಸಾಕ್ಷ್ಯ ಮರೆಮಾಚಿದ ಕಲಮುಗಳಡಿ. ನಾಲ್ಕೂವರೆಗೆ ಬಂಧನ. ಅದಕ್ಕೂ ಮೊದಲು ವಿಶಾಖಾ ಶೇಷಾದ್ರಿಪುರಂನಲ್ಲಿದ್ದ ಶೈಲಜಮ್ಮನ ತಂಗಿಗೆ ತಾನೇ ಫೋನ್ ಮಾಡಿ ಕರೆಸಿದಳು. ಆಕೆ ಬಟ್ಟೆಯ ಚೀಲ ಹಿಡಿದು ಬಂದು ಅಕ್ಕನ ಪಕ್ಕ ಕೂತ ಮೇಲೆಯೇ ಬಂಧನದ ಕಾಗದಕ್ಕೆ ಸಹಿ ಬಿತ್ತು. ಕಾನೂನಿನಲ್ಲಿ ಇಷ್ಟಕ್ಕೆ ಜಾಗವಿತ್ತು, ಇದಕ್ಕಿಂತ ಹೆಚ್ಚಿಗೆ ಇರಲಿಲ್ಲ.

ಮಾರನೆಯ ಬೆಳಿಗ್ಗೆ, ಅವನನ್ನು ಕೋರ್ಟಿಗೆ ಹಾಜರುಪಡಿಸುವ ಮುನ್ನ, ಕಮಲಾಬಾಯಿಯ ಹೇಳಿಕೆ ಪಡೆಯಲು ವಿಶಾಖಾ ಮನೋಹರನೊಂದಿಗೆ ಹೋದಳು. ತಂತಿ ಯಾರದು, ಯಾಕೆ ಹಾಕಿದ್ದು ಎಂಬುದನ್ನೆಲ್ಲ ಬಿಡಿಸಿ ಹೇಳಿದಳು. ಆಕೆ ಬೈಯಬಹುದು, ಶಪಿಸಬಹುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದಳು. ಕಮಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ ಮಾತು.

"ಯಾವ ನಾಯಿಗೆ?"

"ಗಲ್ಲಿ ನಾಯಿಗಳಿಗಮ್ಮ. ನಿಮ್ಮ ಯಜಮಾನ್ರು ಅನ್ನ ಹಾಕ್ತಿದ್ರಲ್ಲ, ಅವಕ್ಕೆ."

"ಗಲ್ಲೀಲಿ ನಾಯಿ ಎಲ್ಲಿದಾವಮ್ಮ? ಮರಿ ಸತ್ತ ದಿನ ಇವರು ಊಟಾನೇ ಮಾಡ್ಲಿಲ್ಲ. ನನ್ನಿಂದ ಆಯ್ತು ಕಣೆ, ಆ ಹುಡುಗಿ ಶೈಲಜಾ ಮಾತು ನನ್ನಿಂದ ಹೋಯ್ತು ಅಂತ ಒದ್ದಾಡಿದ್ರು. ಮಾರನೇ ದಿನದಿಂದ ಅನ್ನದ ಡಬ್ಬಿ ಹಿಡ್ಕೊಂಡು ಕೃಷ್ಣರಾವ್ ಪಾರ್ಕ್ ತನಕ ನಡ್ಕೊಂಡು ಹೋಗೋರು. ನಾಯಿಗಳೂ ಹಿಂದೆ ಹಿಂದೇನೇ ಹೋಗ್ತಿದ್ವು. ನಾಲ್ಕೈದು ದಿನ ಆದ್ಮೇಲೆ ಅಲ್ಲೇ ಉಳ್ಕೊಂಡ್ವು. ಮಂಡಿ ನೋವು, ಆಟೋಲಿ ಹೋಗಿ ಅಂದ್ರೆ, ನಾಯಿಗಳು ಹೆಂಗೆ ಬರ್ತವೆ ಅನ್ನೋರು."

"ನಾಗಭೂಷಣ್‌ಗೆ ಇದನ್ನ ಹೇಳಿದ್ರಾ?"

"ಇಲ್ಲಮ್ಮ. ಹೇಳಿ ಅಂದೆ. ಯಾವ ಮುಖ ಇಟ್ಕೊಂಡು ಹೇಳ್ಲಿ ಅಂದ್ರು."

ಮನೋಹರ್ ಬರೆಯುವುದನ್ನು ನಿಲ್ಲಿಸಿದ್ದ. ಅಷ್ಟನ್ನೂ ಬರೆದುಕೊಳ್ಳಿ ಎಂದಳು ವಿಶಾಖಾ. ಆಕೆಗೆ ಓದಿ ಹೇಳಿ ಸರಿಯೆಂದು ಖಚಿತಪಡಿಸಿಕೊಂಡು, ಇಬ್ಬರೂ ಹಿಂದಿನ ಗಲ್ಲಿಯಿಂದಲೇ ಹೊರಟರು. ಆ ತುದಿಯಿಂದ ಈ ತುದಿಯವರೆಗೆ ಒಂದು ನಾಯಿಯೂ ಕಣ್ಣಿಗೆ ಬೀಳಲಿಲ್ಲ. ಹಿಂದಿನ ದಿನ ಇದೇ ಗಲ್ಲಿಯಲ್ಲಿ ಒಂದು ಗಂಟೆಗೂ ಹೆಚ್ಚು ನಿಂತಿದ್ದರೂ ಅದು ಅವಳ ಗಮನಕ್ಕೆ ಬಂದಿರಲಿಲ್ಲ.

ಹನ್ನೊಂದಕ್ಕೆ ಜೀಪು ಕೋರ್ಟಿಗೆ ಹೊರಟಿತು. ಹಿಂದಿನ ಸೀಟಿನಲ್ಲಿ ಮನೋಹರನ ಪಕ್ಕ ಕೂತಿದ್ದ ನಾಗಭೂಷಣ್ ಮುಂದಕ್ಕೆ ಬಾಗಿ ಕೇಳಿದ.

"ಕಮಲಾಬಾಯೋರು ಏನಾದ್ರೂ ಅಂದ್ರಾ ಮೇಡಂ?"

ಮನೋಹರ್ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ವಿಶಾಖಾ ಬಾಯಿ ತೆರೆದಳು. ಆದರೆ ನಾಯಿಗಳ ವಿಷಯ ಇವತ್ತೇ ಹೇಳಬೇಕೆಂದಿರಲಿಲ್ಲ. ದೋಷಾರೋಪ ಪಟ್ಟಿಯ ಜೊತೆ ಸಾಕ್ಷಿಗಳ ಹೇಳಿಕೆಗಳ ಪ್ರತಿಯನ್ನು ಆರೋಪಿಗೆ ಕೊಡಲೇಬೇಕು. ಇನ್ನೆರಡು ಮೂರು ತಿಂಗಳಲ್ಲಿ ಅವನು ತಾನೇ ಓದಿಕೊಳ್ಳುತ್ತಾನೆ.

"ಏನೂ ಅನ್ಲಿಲ್ಲ," ಎಂದಳು.