ತೆಳು ಕತ್ತಿನ ಕಪ್ಪು ಗಿಟಾರ್

ಹೊಹೆಪಾ ಗಿಟಾರ್ ಅಂಗಡಿಗೆ ಬಂದವನೇ ಕೈಹಾಕಿದ್ದು ತಪ್ಪು ಗಿಟಾರಿಗೆ. ಕೆಂಪಗೆ ಮಿಂಚುವ, ಕೊಂಬು ಚಾಚಿದ, ತಂತಿ ಹೊರುವ ಬ್ರಿಡ್ಜ್ ಅಲುಗಾಡುವ ಗಿಟಾರದು. ರಿಪೇರಿ ಮೇಜಿನ ಹಿಂದಿದ್ದ ಮೆರೆಆನಾ ಎದ್ದು ಬಂದು ಕಸಿದುಕೊಂಡಳು.

"ಅರ್ಧ ಹಾಡಿಗೇ ಶ್ರುತಿ ಬಿಡುತ್ತೆ ಇದು. ಅಗ್ಗದ ಗಿಟಾರಿಗೆ ಈ ಶೋಕಿ ಎಲ್ಲ ಯಾಕೆ?"

"ನೋಡೋಕೆ ಚೆನ್ನಾಗಿದೆಯಲ್ಲ."

"ನೀನೂ ಚೆನ್ನಾಗೇ ಇದೀಯ. ಹಾಗಂತ ಕೊಂಡ್ಕೊಳ್ಳೋಕಾಗುತ್ತಾ?"

ಅಂದಮೇಲೆ ಅವಳಿಗೇ ಕಿವಿ ಬಿಸಿಯಾಯಿತು. ಅವನು ಮಾತ್ರ ತುಟಿಯ ಅಂಚಿನಲ್ಲಿ ನಕ್ಕ.

ಮೂಲೆಯಲ್ಲಿ ಯಾರೂ ಮೂಸದೆ ಬಿದ್ದಿದ್ದ ಕಪ್ಪು ಗಿಟಾರನ್ನು ಅವಳು ಆರಿಸಿಕೊಟ್ಟಳು. ತೆಳು ಕತ್ತು, ಚಪ್ಪಟೆ ಹಲಗೆ, ಅಲುಗಾಡದ ಬ್ರಿಡ್ಜ್. ಬೆರಳು ಓಡಲು ಅಷ್ಟು ಸಾಕು, ಮಿಕ್ಕಿದ್ದನ್ನು ತಾನು ನೋಡಿಕೊಳ್ಳುತ್ತೇನೆಂದಳು.

ಆಕ್ಲೆಂಡ್ ನಗರದ ಹೆವಿ ಮೆಟಲ್ ಬ್ಯಾಂಡೊಂದು ಈಸ್ಟರ್ ಶನಿವಾರ ಅವನನ್ನು ಪರೀಕ್ಷೆಗೆ ಕರೆದಿತ್ತು. ಅವರ ಹಾಡಿನ ನಡುವೆ ಬೆರಳು ನಿಲ್ಲದೆ ಓಡಬೇಕಾದ ಹದಿನಾರು ಸೆಕೆಂಡಿನ ಸ್ವರಗಳ ಓಟವೊಂದಿದೆ. ಅದನ್ನು ದಾಟಿದರೆ ಅವನು ದುಡಿಯುವ ಕುರಿಮಾಂಸದ ಕಾರ್ಖಾನೆಯಿಂದ ಬಿಡುಗಡೆ. ನ್ಯೂಜಿಲೆಂಡಿನ ಸಮುದ್ರದಂಚಿನ ಆ ಊರಿನಲ್ಲಿ ಮೂಲನಿವಾಸಿ ಮಾವೊರಿ ಹುಡುಗನೊಬ್ಬನಿಗೆ ಬೇರೆ ಬಾಗಿಲು ಇರಲಿಲ್ಲ. ಆ ಬಾಗಿಲನ್ನು ಮುಚ್ಚಿದವರು ಯಾರೆಂದು ಕೇಳುವ ಪದ್ಧತಿಯೂ ಇರಲಿಲ್ಲ.

ದಿನಾ ಪಾಳಿ ಮುಗಿಸಿ, ಸೋಪು ಹಾಕಿ ತೊಳೆದರೂ ಹೋಗದ ಕೊಬ್ಬಿನ ವಾಸನೆ ಹೊತ್ತು ಅವನು ಬರುತ್ತಿದ್ದ. ಅವಳು ಗಿಟಾರಿನ ಕತ್ತಿನ ಹಿಂಬದಿಯ ವಾರ್ನಿಶ್ ಉಜ್ಜಿ ತೆಗೆದಳು. ಮರ ಬಾಳೆಲೆಯಷ್ಟು ನುಣುಪಾಯಿತು. ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಫ್ರೆಟ್‌ಗಳ ತುದಿಗೆ ಅರ ಹಾಕಿದಳು. ಸಣ್ಣ ತಂತಿ ಕಟ್ಟಿದಳು. ಮುರಿದ ಗಿಟಾರೊಂದರಿಂದ ತಂತಿಯ ನಾದ ಹಿಡಿಯುವ ಪಿಕಪ್ ಕಿತ್ತು ಇದಕ್ಕೆ ಬೆಸುಗೆ ಹಾಕಿದಳು. ಅವಳು ಬಾಗಿದಾಗ ಅವನು ಅವಳ ಕತ್ತಿನ ಮೇಲಿನ ಕೂದಲನ್ನು ನೋಡುವುದು, ಅವಳು ತಲೆಯೆತ್ತಿದಾಗ ಗೋಡೆ ನೋಡುವುದು ನಡೆದೇ ಇತ್ತು.

ಆದರೆ ಓಟದ ಕೊನೆಗೆ ಅವನು ಎಡವುತ್ತಿದ್ದ. ತಂತಿ ಎತ್ತರ ಎಂದ, ಅವಳು ತಗ್ಗಿಸಿದಳು. ಇನ್ನೂ ಎಂದ, ಇನ್ನೂ ತಗ್ಗಿಸಿದಳು. ಕೊನೆಗೆ ತಂತಿಗಳು ಫ್ರೆಟ್‌ಗೆ ತಾಗಿ ಗುಯ್‌ಗುಡತೊಡಗಿದವು.

ಮಾಂಸ ಬಿಡಿಸುವವರಲ್ಲಿ ಒಂದು ರೂಢಿ: ಕೆಲಸ ನಿಧಾನವಾದರೆ ಚೂರಿ ಮಸೆಯಬೇಕು, ಕೈಯನ್ನು ದೂರಬಾರದು. ಕೈ ಸರಿಯಿಲ್ಲ ಅಂದವನ ಜಾಗದಲ್ಲಿ ಮರುದಿನ ಇನ್ನೊಬ್ಬ ನಿಂತಿರುತ್ತಾನೆ. ಅದೇ ಕಾರ್ಖಾನೆಯಲ್ಲಿ ಸವೆದ ಅಪ್ಪನ ಮಗಳು ಮೆರೆಆನಾ. ಅವಳೂ ಗಿಟಾರನ್ನೇ ಮಸೆಯುತ್ತಿದ್ದಳು.

ಈಸ್ಟರಿಗೆ ವಾರವಿದ್ದಾಗ, ಕತ್ತರಿಸದೆ ಬಿಟ್ಟಿದ್ದ ತಂತಿಯ ತುದಿ ಅವನ ಎಡಗೈ ಕಿರುಬೆರಳಿಗೆ ಹೊಕ್ಕಿತು. ರಕ್ತ ಮೊಣಕೈವರೆಗೂ ಇಳಿಯಿತು. ಅವನು ನುಡಿಸುತ್ತಲೇ ಇದ್ದ.

ಮೆರೆಆನಾ ಬೆರಳಿನಿಂದ ತಂತಿ ಬಿಡಿಸಿದಳು. ಅವನ ಮುಖ ಅಲುಗಲಿಲ್ಲ.

"ಯಾವಾಗಿಂದ?"

"ಕ್ರಿಸ್‌ಮಸ್‌ಗೆ ಕಾರ್ಖಾನೆಲಿ ಲೈನ್ ಸ್ಪೀಡ್ ಜಾಸ್ತಿ ಮಾಡಿದ್ರಲ್ಲ, ಆಗಿಂದ. ಮೊದಲು ಕಿರುಬೆರಳು. ಈಗ ಅಂಗೈ ಕೂಡ."

ಕೊಕ್ಕೆಗೆ ತೂಗುತ್ತ ಎದುರಿಗೆ ಸಾಗುವ ಕುರಿ ನಿಮಿಷಕ್ಕೆ ಎಂಟು ಇದ್ದದ್ದು ಹತ್ತಾಗಿತ್ತು. ಕಂಪನಿಯ ಡಾಕ್ಟರು ಕೈ ನೋಡಿ, ಇದು ಗಿಟಾರ್ ನುಡಿಸಿ ಬಂದ ಕಾಯಿಲೆ ಎಂದು ಬರೆದು ಸಹಿ ಹಾಕಿದ್ದರಂತೆ. ನರ ಸತ್ತಿದೆ, ಮರಳುವುದಿಲ್ಲ ಎಂದು ದೊಡ್ಡಾಸ್ಪತ್ರೆಯವರು ಹೇಳಿದ್ದರು.

"ಗೊತ್ತಿದ್ದೂ ದಿನಾ ನನ್ನ ಕೈಲಿ ಗಿಟಾರ್ ಉಜ್ಜಿಸಿದೆಯಲ್ಲೋ."

"ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ. ಆಮೇಲೆ ಇಲ್ಲಿಗೆ ಬರೋಕೆ ನಂಗೇನಿತ್ತು, ಮೆರೆ?"

ಕೋಪಕ್ಕೆ ಅವಳು ಅರವನ್ನೆತ್ತಿ ಮೇಜಿಗೆ ಕುಕ್ಕಿದಳು. ಬಯ್ಯಬೇಕಾದವರು ಅಂಗಡಿಯಲ್ಲಿರಲಿಲ್ಲ. ಸೋಮವಾರ ಪಾಳಿಗೆ ಹೋಗುತ್ತೀಯಾ ಎಂದು ಕೇಳಿದಳು. ಹೋಗದೆ ಏನು ಎಂದ. ಬ್ಯಾಂಡಿನವರಿಗೆ ಆಗಲೇ ಬರುವುದಿಲ್ಲ ಎಂದು ತಿಳಿಸಿದ್ದನಂತೆ.

ಅವಳು ಬೆರಳಿಗೆ ಬಟ್ಟೆ ಸುತ್ತಿದಳು. ಸುತ್ತಿದ ಮೇಲೂ ಕೈ ಬಿಡಲಿಲ್ಲ. ಅವನು ಕಿಟಕಿಯಾಚೆ, ಕುರಿ ತುಂಬಿದ ಲಾರಿ ಕಾರ್ಖಾನೆಯ ಕಡೆ ತಿರುಗುವುದನ್ನು ನೋಡುತ್ತಿದ್ದ.

"ಹಿಡ್ಕೊಂಡಿದೀಯಾ?" ಎಂದು ಕೇಳಿದ.

"ಹ್ಞೂಂ. ಹಿಡ್ಕೊಂಡಿದೀನಿ."

"ಆಗಾಗ ಹೇಳ್ತಿರು. ನಂಗೆ ಗೊತ್ತಾಗಲ್ಲ."