ಆರುನೂರು ಅಡಿಯ ಹೊಡೆತ

"ಹಾಗಾದ್ರೆ ನಮ್ಮ ತಾತ ಸುಳ್ಳುಗಾರ ಅಂತೀರಾ, ಮೇಡಂ?"

ಹಿಂದಿನ ಸಾಲಿನಿಂದ ತೂರಿಬಂದ ಆ ದನಿಗೆ ವೇದಿಕೆಯ ಮೇಲಿದ್ದ ಕೊರಿನ್ ಬೆಚ್ಚಿದಳು.

ಕ್ಯಾನ್ಸಸ್ ಸಿಟಿಯ ಕಾಲೇಜೊಂದರಲ್ಲಿ ಬೇಸ್‌ಬಾಲ್ ಕುರಿತ ವಿದ್ವಾಂಸರ ಸಮ್ಮೇಳನ. ಭೌತಶಾಸ್ತ್ರ ಕಲಿಸುವ ಕೊರಿನ್ ಹಾಲ್ವರ್ಸನ್, ಹಾರುವ ಚೆಂಡನ್ನು ಗಾಳಿ ಹೇಗೆ ಹಿಡಿದು ಜಗ್ಗುತ್ತದೆ ಎಂದು ವಿವರಿಸುತ್ತಿದ್ದಳು. ಓಟಿಸ್ ಪ್ರುಯಿಟ್ ಎಂಬ ಹಳೆಯ ಕಪ್ಪು ಆಟಗಾರ ಚೆಂಡನ್ನು ಆರುನೂರು ಅಡಿ ದೂರ ಬಾರಿಸಿದನೆಂಬ ಕಥೆ ಎತ್ತಿಕೊಂಡು, ಅದು ಆಗದ ಮಾತು ಎಂದಿದ್ದಳು. ಅವನ ಮೊಮ್ಮಗ, ಇತಿಹಾಸದ ಮೇಷ್ಟ್ರು ಥೇಡಿಯಸ್, ಎದುರಿಗೇ ಕೂತಿದ್ದಾನೆಂದು ಅವಳಿಗೇನು ಗೊತ್ತು!

"ಸುಳ್ಳು ಅಂದಿಲ್ಲ... ಲೆಕ್ಕ ಹಾಗೆ ಹೇಳುತ್ತೆ."

"ಕಪ್ಪು ಜನ ಆಡಿದ ಆಟಾನ ಆಗ ಯಾವ ದೊಡ್ಡ ಪತ್ರಿಕೆ ಬರೀತು? ನಮಗೆ ಉಳಿದಿದ್ದು ಹಿರಿಯರ ಬಾಯಿಮಾತು. ಅದನ್ನೂ ಕಿತ್ಕೋತಿದೀರಿ!"

ಅವನು ಎದ್ದು ನಡೆದೇಬಿಟ್ಟ.

'ಇನ್ನೊಂದು ಗಳಿಗೆ ಕೂತಿದ್ದರೆ...' ಕೊರಿನ್ ಅವನು ಹೋದ ಬಾಗಿಲನ್ನೇ ನೋಡಿದಳು. ಅವಳ ಭಾಷಣ ಇನ್ನೂ ಅರ್ಧ ಬಾಕಿಯಿತ್ತು.

ಮರುದಿನ ಬೆಳಿಗ್ಗೆ ಅವಳ ಕಾಫಿ ಮೇಜಿನ ಮುಂದೆ ಥೇಡಿಯಸ್ ತಲೆ ತಗ್ಗಿಸಿ ನಿಂತಿದ್ದ.

"ಸ್ನೇಹಿತರು ಹೇಳಿದ್ರು. ಬಿಳಿ ಆಟಗಾರರ ಕಥೆಗಳಿಗೂ ಕತ್ತರಿ ಹಾಕಿದ್ರಂತೆ."

"ಅವಕ್ಕೆ ಇನ್ನೂ ಜಾಸ್ತೀನೇ ಹಾಕ್ದೆ."

ಅವನಿಗೆ ನಗು ತಡೆಯಲಾಗಲಿಲ್ಲ. "ತಪ್ಪಾಯ್ತು. ಆ ಹೊಡೆತ ಕಣ್ಣಾರೆ ಕಂಡೋರು ಒಬ್ರಿದಾರೆ, ತಾತನ ತಂಗಿ. ಬರ್ತೀರಾ?"

ನದಿ ದಂಡೆಯ ಮಾರ್ಲೋ ಬೆಂಡ್ ಎಂಬ ಊರಿನಲ್ಲಿ ಲುಡೆಲ್ಲಾ ಅಜ್ಜಿ ಹುರಿದ ಮೀನು ಬಡಿಸಿ, ಇವರ ಜಗಳದ ಮಾತು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಆರುನೂರಾ? ಅಯ್ಯೋ ಮಗನೇ, ನಮ್ಮಣ್ಣ ಪ್ರತಿ ಕ್ರಿಸ್‌ಮಸ್‌ಗೂ ಒಂದಿಷ್ಟು ಅಡಿ ಸೇರಿಸ್ತಿದ್ದ! ಆದ್ರೆ ಚೆಂಡು ಮೈದಾನದಾಚೆಯ ಹಿಟ್ಟಿನ ಗಿರಣಿ ಚಾವಣಿಯ ತಗಡಿನ ಮೇಲೆ ಢಣ್ ಅಂತ ಬಿತ್ತು ನೋಡು, ಅದು ಸತ್ಯ. ಈ ಕಿವಿಯಲ್ಲೇ ಕೇಳಿದೀನಿ."

ಗಿರಣಿ ಇನ್ನೂ ನಿಂತಿತ್ತು. ಅಣ್ಣ ಬ್ಯಾಟು ಹಿಡಿದು ನಿಲ್ಲುತ್ತಿದ್ದ ಜಾಗವನ್ನು ಅಜ್ಜಿ ಕೋಲಿನಿಂದ ತೋರಿಸಿದಳು. ಟೇಪಿನ ಒಂದು ತುದಿ ಅವನು, ಇನ್ನೊಂದು ಇವಳು ಹಿಡಿದು ಹುಲ್ಲಿನಲ್ಲಿ ನಡೆದರು. ಚಾವಣಿಯ ಎತ್ತರವನ್ನೂ ಸೇರಿಸಿ ಕೊರಿನ್ ಲೆಕ್ಕ ಮುಗಿಸಿದಳು.

"ನಾನೂರ ಎಪ್ಪತ್ತು ಚಿಲ್ಲರೆ ಅಡಿ..."

ಅವನು ಟೇಪು ಸುತ್ತುತ್ತಾ ಗಿರಣಿಯತ್ತ ನೋಡಿದ. 'ಮತ್ತೆ ನೋಯಿಸಿಬಿಟ್ಟೆನೇ?' ಅವಳು ಅಂದುಕೊಂಡಳು.

"ಈಗ ಆಡೋರಲ್ಲಿ ಇಷ್ಟು ದೂರ ಬಾರಿಸೋರು ಎಷ್ಟು ಜನ?"

"ಬೆರಳೆಣಿಕೆ. ಅದೂ ವರ್ಷವೆಲ್ಲ ಅದೇ ಕಸುಬು ಮಾಡ್ಕೊಂಡು."

"ತಾತ ವಾರವೆಲ್ಲ ಇದೇ ಗಿರಣಿಯಲ್ಲಿ ಹಿಟ್ಟಿನ ಮೂಟೆ ಹೊರ್ತಿದ್ರು. ಆಟ ಭಾನುವಾರ ಮಾತ್ರ." ಅವನು ಅವಳತ್ತ ತಿರುಗಿದ. "ಆರುನೂರು ಅಂದ್ರೆ ಜನ ನಗ್ತಿದ್ರು, ಕೊರಿನ್. ಇದಕ್ಕೆ ಯಾರೂ ನಗೋ ಹಾಗಿಲ್ಲ!"

ಅವಳು ಮೆಲ್ಲಗೆ ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ಇಬ್ಬರೂ ಕೂಡಿ ಇಂಥ ಹಳೆಯ ಹೊಡೆತಗಳ ಬಗ್ಗೆ ಲೇಖನ ಬರೆಯತೊಡಗಿದರು. ಅವನು ಊರೂರು ಸುತ್ತಿ ಹಿರಿಯರನ್ನು ಮಾತಾಡಿಸಿದ, ಇವಳು ಚೆಂಡುಗಳ ಹಾದಿ ಲೆಕ್ಕ ಹಾಕಿದಳು. ಬೇಸಿಗೆ ಕಳೆಯುವಷ್ಟರಲ್ಲಿ 'ನೀವು' ಹೋಗಿ 'ನೀನು' ಆಗಿತ್ತು. ಆದರೆ ಆ ಒಂದು ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ.

ಲೇಖನ ಮುಗಿದ ಸಂಜೆ ಅಜ್ಜಿಯ ಮನೆಯ ಮೆಟ್ಟಿಲ ಮೇಲೆ ಕೊರಿನ್ ಸುಮ್ಮನೆ ಕೂತಿದ್ದಳು.

"ಏನು ಯೋಚ್ನೆ?"

"ಇನ್ಮೇಲೆ ನಾನಿಲ್ಲಿಗೆ ಬರೋಕೆ ಕಾರಣಾನೇ ಇಲ್ವಲ್ಲ..."

ಥೇಡಿಯಸ್ ಪಕ್ಕದಲ್ಲಿ ಕೂತ. "ನಾನು ನಿನ್ನ ಪ್ರೀತಿಸ್ತೀನಿ. ಆ ಕಾರಣ ಸಾಲಲ್ವಾ?"

ಕೊರಿನ್‌ಳ ಕಣ್ಣು ತುಂಬಿ ಬಂತು.

"ಸಾಲುತ್ತೆ ಕಣೋ... ನಾನೂ ಅಷ್ಟೇ. ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಭಯ! ನೀನು ಒಪ್ಪದಿದ್ರೆ ಊಟಕ್ಕೇ ಬರ್ಬೇಡ ಅಂತ ನಂಗೆ ಹೇಳಿದಾರೆ ಅಜ್ಜಿ."

ಅವಳು ಅಳುತ್ತಲೇ ನಕ್ಕು ಅವನ ಭುಜಕ್ಕೆ ತಲೆಯಾನಿಸಿದಳು.

"ಹಾಗಾದ್ರೆ ನಡಿ, ಹಸಿವಾಗ್ತಿದೆ."

"ಒಂದು ನಿಮಿಷ... ಹೀಗೇ ಇರು."